ಲಾರಿ ಹೋದ ಮೇಲೆ ತೊಳೆದ ಹನ್ನೊಂದು ಮುಚ್ಚಳ

ಸೀಸೆ ತೊಳೆಯುವುದೂ ಒಂದು ಕೆಲಸವೇ ಎಂದು ಮೂಗು ಮುರಿದವರಲ್ಲಿ ನಾನೇ ಮೊದಲನೆಯವಳು. ಆದ್ದರಿಂದ ಈಗ ಮೂಗು ಮುರಿಯುವವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಬಿಟ್ಟುಬಂದ ಜಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಮೊನ್ನೆ ಭಾರತೀನಗರದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. "ಸಾಕಮ್ಮಾರೆ, ಒಣಗಿದ ಬಣ್ಣ ಕೆರ್ದು ಕೆರ್ದು ಉಗುರೆಲ್ಲ ಓಯ್ತು. ಇಷ್ಟು ವರ್ಸ ಅದೆಂಗಿದ್ರಿ ನೀವು?" ಎಂದು ಕೇಳಿದರು. ಬಸ್ಸಿಗೆ ಕಾಯುತ್ತಾ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬೇಕಾದ್ದು ಇಟ್ಟುಕೊಳ್ಳಿ, ಬೇಡದ್ದು ಬಿಡಿ.

ನನ್ನ ತವರು ಪೂರಿಗಾಲಿ. ಎಸ್ಸೆಸ್ಸೆಲ್ಸಿ ಆದಮೇಲೆ ಭಾರತೀನಗರದ ಪಕ್ಕದ ಹಳ್ಳಿಗೆ ಮದುವೆಯಾಗಿ ಬಂದೆ. ಸೋಮನಹಳ್ಳಿಯಲ್ಲಿ ಹೆದ್ದಾರಿಗೆ ಹತ್ತಿಕೊಂಡಂತೆ ಒಂದು ವರ್ಕ್‌ಶಾಪ್ ಇತ್ತು. ಅಣೆಕಟ್ಟು, ನಾಲೆ, ಕಾರ್ಖಾನೆ, ರೈಲು, ಬಡಾವಣೆ, ಯಾವುದನ್ನೇ ಹೇಳಿ, ಅಳತೆ ತಪ್ಪದಂತೆ ಚಿಕ್ಕದು ಮಾಡಿ ಮೇಜಿನ ಮೇಲೆ ನಿಲ್ಲಿಸುತ್ತಿದ್ದರು. ಮಾಡೆಲ್ ಅನ್ನುತ್ತಿದ್ದೆವು. ಮರ ಕೊಯ್ಯುವವರು, ಅಂಟಿಸುವವರು, ಬಣ್ಣ ಬಳಿಯುವವರು ಒಳಗೆ ಇದ್ದರು. ಬಣ್ಣ ಕಲಸಿದ ಸೀಸೆಗಳನ್ನು ತೊಳೆಯುವ ನಾನು ಹಿಂಬಾಗಿಲ ಹೊರಗೆ, ತಗಡಿನ ಚಪ್ಪರದಡಿ. ಸೀಸೆ ಎಂದರೆ ದೊಡ್ಡದೇನಲ್ಲ, ಅಂಗೈಯಲ್ಲಿ ಎರಡು ಹಿಡಿಯುತ್ತವೆ. ದಿನಕ್ಕೆ ಎರಡು ಬುಟ್ಟಿ ಬರುತ್ತಿದ್ದವು.

ಸೇರಿದ ವಾರವೇ ಮೊದಲ ಎಡವಟ್ಟು ಮಾಡಿದೆ. ಗಟ್ಟಿ ಬಣ್ಣಕ್ಕೆ ಅದನ್ನು ಕರಗಿಸುವ ಥಿನ್ನರ್ ಹಾಕು ಎಂದಿದ್ದರು. ಗಾಜಿಗೆ ಮಾತ್ರ ಎಂದು ಹೇಳುವುದನ್ನು ಮರೆತಿದ್ದರು. ನಾನು ಪ್ಲಾಸ್ಟಿಕ್ಕಿನ ಹದಿನಾಲ್ಕು ಸೀಸೆಗೂ ತುಂಬ ಥಿನ್ನರ್ ಸುರಿದು ಊಟಕ್ಕೆ ಹೋದೆ. ಬಂದು ನೋಡಿದರೆ ಎಲ್ಲವೂ ಬಿಸಿ ಮುದ್ದೆಯ ಹಾಗೆ ತಟ್ಟೆಯಲ್ಲಿ ಕುಸಿದು ಕೂತಿದ್ದವು. ಇನ್ನೊಂದು ದಿನ ತಣ್ಣಗಿದ್ದ ಗಾಜಿಗೆ ಕುದಿಯುವ ನೀರು ಹುಯ್ದು ಪಟಪಟನೆ ಒಡೆಸಿದೆ. ವರ್ಕ್‌ಶಾಪಿನ ಯಜಮಾನರು ಮದ್ದೂರಿನವರು, ಬೈದರೆ ಗೇಟಿನವರೆಗೂ ಕೇಳಿಸುತ್ತಿತ್ತು. "ನಿಂಗೆ ಸಂಬ್ಳ ಕೊಡ್ತಿರೋದು ತೊಳಿಯಾಕೆ ಕಣಮ್ಮ, ಕರಗ್ಸಾಕಲ್ಲ!" ಎಂದರು. ಆವತ್ತು ಬಸ್ಸಿನಲ್ಲಿ ಅಳುತ್ತಾ ಊರಿಗೆ ಬಂದೆ. ಅತ್ತು ಮುಗಿದ ಮೇಲೆ ಒಂದು ಹಟ ಬಂತು. ಬಿಟ್ಟರೆ ಕೆಲಸ ಕಲಿತು ಬಿಡಬೇಕು, ಬಾರದು ಅನ್ನಿಸಿಕೊಂಡು ಬಿಡಬಾರದು ಎಂದು. ಕಲಿತ ಮೇಲೆ ಬಿಡಲು ಮನಸ್ಸೇ ಬರಲಿಲ್ಲ, ಅದು ಬೇರೆ ಮಾತು.

ಕಲಿತದ್ದನ್ನು ನೇರವಾಗಿ ಹೇಳುತ್ತೇನೆ. ಸೀಸೆ ಕೈಗೆ ಬಂದ ತಕ್ಷಣ ಒದ್ದೆ ಮಾಡಬೇಡಿ. ಮೊದಲು ಒಣಗಿದ್ದನ್ನು ಒಣಗಿದ ಹಾಗೇ ಎಬ್ಬಿಸಿ. ಕಬ್ಬಿಣದ ಚಾಕು ಗಾಜನ್ನು ಗೀರುತ್ತದೆ, ಗೀರಿನಲ್ಲಿ ಮುಂದಿನ ಬಣ್ಣ ಕೂತುಕೊಳ್ಳುತ್ತದೆ. ಬಿದಿರ ಕಡ್ಡಿ ಸೀಳಿ ತುದಿ ಚಪ್ಪಟೆ ಮಾಡಿಕೊಳ್ಳಿ. ನೀರಿನ ಬಣ್ಣ ಒಣಗಿದರೆ ಬೆಚ್ಚಗಿನ ನೀರಿಗೆ ಸೋಡಾಪುಡಿ ಹಾಕಿ ನೆನೆಸಿಡಿ, ಮಾರನೆಯ ದಿನ ಹಾಲಿನ ಕೆನೆ ತೆಗೆದ ಹಾಗೆ ಪದರವಾಗಿ ಬರುತ್ತದೆ. ಎನಾಮಲ್ ಬಣ್ಣಕ್ಕೆ ಥಿನ್ನರ್ ಬೇಕೇ ಬೇಕು. ಆದರೆ ಬಳಸಿದ ಥಿನ್ನರನ್ನು ಚರಂಡಿಗೆ ಚೆಲ್ಲಬೇಡಿ, ಆ ಚರಂಡಿ ಕೊನೆಗೆ ಯಾರದೋ ಗದ್ದೆಗೇ ಹೋಗುತ್ತದೆ. ಮುಚ್ಚಿಟ್ಟು ಎರಡು ದಿನ ಬಿಟ್ಟರೆ ರಾಡಿ ಕೆಳಗಿಳಿದು ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯನ್ನು ಬಸಿದು ಮೊದಲ ತೊಳೆತಕ್ಕೆ ಬಳಸಿ. ಕೈಗವಸು ಹಾಕಿಕೊಳ್ಳಿ. ನಮ್ಮ ಕಾಲದಲ್ಲಿ ಕೈಗವಸು ಕೇಳಿದರೆ ನಗುತ್ತಿದ್ದರು. ಹತ್ತು ವರ್ಷ ನಾನು ತಿಂದ ಅನ್ನಕ್ಕೆಲ್ಲ ಥಿನ್ನರ್ ವಾಸನೆ ಇತ್ತು. ನಿಮಗೆ ಆ ಗತಿ ಬೇಡ.

ಆಮೇಲೆ ನೀರು ನಡುಗಿಸಿ ಕೊಳೆ ಬಿಡಿಸುವ ಯಂತ್ರ ಬಂತು. ನೀವು ಈಗ ಬಳಸುತ್ತಿರುವುದು ಅದರ ಮೂರನೆಯ ತಲೆಮಾರು. ಯಂತ್ರ ಬಂದ ದಿನ ನನ್ನ ಕೆಲಸ ಹೋಯಿತು ಎಂದುಕೊಂಡೆ. ಹೋಗಲಿಲ್ಲ. ಕಣ್ಣಿಗೆ ಕಾಣುವ ಬಣ್ಣವನ್ನು ಅದು ಚೆನ್ನಾಗಿ ಬಿಡಿಸುತ್ತದೆ, ಕಾಣದ ಕಡೆ ಅಡಗಿದ್ದು ಹಾಗೇ ಉಳಿಯುತ್ತದೆ. ಅಡಗುವ ಜಾಗ ಯಾವುದು ಎಂದು ತಿಳಿದವರು ಒಬ್ಬರು ಪಕ್ಕದಲ್ಲಿ ನಿಲ್ಲಲೇಬೇಕು. ಈ ಮಾತನ್ನು ನಾನು ಯಂತ್ರ ಮಾರುವವರ ಎದುರಿಗೇ ಹೇಳಿದ್ದೇನೆ.

ಯಂತ್ರ ಬರುವುದಕ್ಕೆ ಬಹಳ ಮೊದಲಿನ ಒಂದು ಸಂಗತಿ ಇದೆ. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಬರೆಯಲು ಕೂತಿದ್ದೇ ಅದಕ್ಕಾಗಿ. ನನ್ನ ಕೈಯಿಂದ ಒಬ್ಬರ ಜೀವಮಾನದ ಕೆಲಸ ಹೋಗುವುದರಲ್ಲಿತ್ತು.

ಅವರು ಮಾದಯ್ಯ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಮಳವಳ್ಳಿಯಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವರು. ವರ್ಕ್‌ಶಾಪಿನಲ್ಲಿ ಬಣ್ಣ ಕಲಸುವ ಮೇಜು ಅವರದು, ಅದಕ್ಕೇ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದೆವು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆ ಮೇಜು, ಆ ಕುರ್ಚಿ ಬಿಟ್ಟರೆ ಅವರಿಗೆ ಬೇರೆ ಲೋಕವೇ ಇರಲಿಲ್ಲ. ಯಾವ ಬಣ್ಣಕ್ಕೆ ಯಾವುದು ಎಷ್ಟು ಹನಿ ಎಂದು ಬರೆದಿಡುವ ಅಭ್ಯಾಸ ಅವರಿಗಿಲ್ಲ. "ಹನಿ ಎಣಿಸ್ಕಂಡು ಕಲ್ಸೋನು ಬಣ್ಣದೋನಲ್ಲ ಕಣಮ್ಮಿ, ಔಷ್ದಿ ಅಂಗ್ಡಿಯೋನು" ಎನ್ನುತ್ತಿದ್ದರು. ಬಣ್ಣ ಹದಕ್ಕೆ ಬಂತು ಎನ್ನಿಸಿದಾಗ ಸೀಸೆಯ ಮುಚ್ಚಳದ ನೆತ್ತಿಗೆ ಒಂದು ಬೊಟ್ಟು ಇಡುತ್ತಿದ್ದರು. ಅದೊಂದೇ ಗುರುತು. ಮತ್ತೆ ಅದೇ ಬಣ್ಣ ಬೇಕಾದಾಗ ಆ ಬೊಟ್ಟಿನ ಪಕ್ಕ ಹಿಡಿದು ಹೊಸದನ್ನು ಕಲಸುವುದು. ಮಾಡೆಲ್ ಹೊತ್ತ ಲಾರಿ ಗೇಟು ದಾಟಿದ ದಿನ ಆ ಕೆಲಸದ ಸೀಸೆ, ಮುಚ್ಚಳ ಎಲ್ಲವನ್ನೂ ತೊಳೆದು ಕವುಚಿಡುವುದು ನಮ್ಮಲ್ಲಿನ ಪದ್ಧತಿ. ಲಾರಿ ಹೋಯಿತೆಂದರೆ ಕೆಲಸ ಮುಗಿಯಿತೆಂದೇ ಲೆಕ್ಕ.

ಆ ವರ್ಷ ಹೊರರಾಜ್ಯದ ಒಂದು ವಸ್ತುಸಂಗ್ರಹಾಲಯದಿಂದ ದೊಡ್ಡ ಕೆಲಸ ಬಂದಿತ್ತು. ಅಣೆಕಟ್ಟಿನಿಂದ ನಾಲೆ ಇಳಿದು, ಗದ್ದೆ ಬಯಲು ಹಾದು, ಕಬ್ಬಿನ ಹೊಲಗಳವರೆಗೆ ಎಂಟು ಹಲಗೆಗಳ ಮಾಡೆಲ್. ಎಂಟನ್ನೂ ಒಂದಕ್ಕೊಂದು ಜೋಡಿಸಿದರೆ ಒಂದೇ ಬಯಲಾಗಿ ಕಾಣಬೇಕು. ಈ ಕೆಲಸ ನಡೆಯುತ್ತಿರುವಾಗಲೇ ಒಂದು ದಿನ ಬಿಳಿ ಬಣ್ಣದೊಳಗೆ ಹಳೆಯ ಕೆಂಪಿನ ಒಂದು ಚಕ್ಕೆ ಬಿದ್ದು, ಅಣೆಕಟ್ಟಿನ ಗೋಡೆಯೆಲ್ಲ ತರಿತರಿಯಾಯಿತು. ಸೀಸೆಯ ಕತ್ತಿನಲ್ಲಿ ನಾನು ಬಿಟ್ಟಿದ್ದ ಚಕ್ಕೆ. ಮೇಷ್ಟ್ರು ಎಲ್ಲರೆದುರು ಸೀಸೆಯನ್ನು ನನ್ನ ಮುಖಕ್ಕೆ ಹಿಡಿದು, "ಇದು ತೊಳ್ದಿರೋದಾ? ಎಮ್ಮೆ ಮೈ ತೊಳ್ದಂಗೆ ನೀರ್ ತೋರ್ಸಿ ತಂದಿದ್ದೀಯಲ್ಲ!" ಎಂದರು. ಮೈ ಉರಿದುಹೋಯಿತು. ಇನ್ನು ಮೇಲೆ ನನ್ನ ಕೈ ದಾಟಿ ಬಂದ ಸೀಸೆಯಲ್ಲಿ ಸಾಸಿವೆಯಷ್ಟು ಬಣ್ಣ ತೋರಿಸಿದರೆ ಕೆಲಸ ಬಿಡುತ್ತೇನೆ ಎಂದು ಅವರಿಗೆ ಕೇಳಿಸುವ ಹಾಗೇ ಹೇಳಿದೆ.

ಹದಿನೈದು ದಿನಕ್ಕೆ ಆರು ಹಲಗೆ ಲಾರಿ ಏರಿದವು. ಉಳಿದ ಎರಡಕ್ಕೆ ಮರ ಬಂದಿರಲಿಲ್ಲವಂತೆ, ಅವನ್ನು ಆಮೇಲೆ ಕಳಿಸುವ ಮಾತಾಗಿತ್ತಂತೆ. ಇದು ಒಳಗಿನವರಿಗೆ ಗೊತ್ತು. ಹಿಂದಿನ ಚಪ್ಪರಕ್ಕೆ ಯಾರು ಬಂದು ಹೇಳುತ್ತಾರೆ? ನಾನು ಲಾರಿ ಗೇಟು ದಾಟಿದ್ದನ್ನು ನೋಡಿದೆ. ಒಳಗೆ ಹೋಗಿ ಹನ್ನೊಂದು ಸೀಸೆಯನ್ನೂ ಬುಟ್ಟಿಗೆ ತುಂಬಿಕೊಂಡು ಬಂದೆ. ಉಳಿದಿದ್ದ ಬಣ್ಣವನ್ನೆಲ್ಲ ರಾಡಿ ಡಬ್ಬಕ್ಕೆ ಸುರಿದೆ. ಮುಚ್ಚಳಗಳ ನೆತ್ತಿಗೆ ಥಿನ್ನರ್ ಸವರಿ, ತಂತಿ ಬ್ರಷ್ಷಿನಲ್ಲಿ ತಿಕ್ಕಿ, ತಗಡು ಬೆಳ್ಳಿಯಂತೆ ಹೊಳೆಯುವ ತನಕ ಬಿಡಲಿಲ್ಲ. ಸಿಟ್ಟಿನಲ್ಲಿ ಮಾಡಿದ ಕೆಲಸ ಅಷ್ಟು ಚೊಕ್ಕಟವಾಗಿ ಬಂದದ್ದು ಅದೇ ಮೊದಲು. ಕೊಂಡುಹೋಗಿ ಮೇಷ್ಟ್ರ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟೆ, ನೋಡಿಕೊಳ್ಳಲಿ ಎಂದು.

ಎರಡು ದಿನ ರಜೆ ಹಾಕಿದ್ದ ಮೇಷ್ಟ್ರು ಸೋಮವಾರ ಬಂದರು. ಬೈಗುಳಕ್ಕೋ ಭೇಷ್ ಅನ್ನಿಸಿಕೊಳ್ಳುವುದಕ್ಕೋ ಬಾಗಿಲ ಹತ್ತಿರವೇ ನಿಂತಿದ್ದೆ. ಅವರು ಒಂದು ಮುಚ್ಚಳ ಎತ್ತಿಕೊಂಡರು. ಕಿಟಕಿಯ ಬೆಳಕಿಗೆ ಹಿಡಿದರು, ಹೆಬ್ಬೆರಳಿನಿಂದ ನೆತ್ತಿ ಸವರಿದರು. ಇನ್ನೊಂದು ಎತ್ತಿಕೊಂಡರು. ಹನ್ನೊಂದನ್ನೂ ಹೀಗೇ ಸವರಿ ನೋಡಿ ಮೆಲ್ಲಗೆ ಕುರ್ಚಿಯಲ್ಲಿ ಕೂತರು.

"ಇನ್ನೆರಡು ಅಲಗೆ ಬಾಕಿ ಅದೆ ಕಣಮ್ಮಿ," ಎಂದರು.

ಬಾಗಿಲು ಬಿಟ್ಟು ಒಳಗೆ ಬಂದೆ. "ಲಾರಿ ಓಯ್ತಲ್ಲ ಮೇಷ್ಟ್ರೆ?"

"ಓಯ್ತು. ನೀನು ಮಾಡಿದ್ದು ಸರಿನೇ. ನಾನು ಏಳ್ಬೇಕಾಗಿತ್ತು."

ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಅವರು ಬೈಯದೇ ಹೋದದ್ದಕ್ಕೆ ನನಗೆ ಭಯವಾಯಿತು. "ನಿಮ್ಗೆ ಬಣ್ಣ ನೆಪ್ಪಿಲ್ವಾ? ಇನ್ನೊಂದ್ಸಲ ಕಲ್ಸಿ" ಎಂದೆ. ಅವರು ಹಳದಿ, ನೀಲಿ ತೆಗೆದು ಕಬ್ಬಿನ ಹಸಿರು ಕಲಸಲು ಶುರು ಮಾಡಿದರು. ಸ್ವಲ್ಪ ಹೊತ್ತಾದ ಮೇಲೆ ಕಡ್ಡಿ ಎತ್ತಿ, "ಎಂಗದೆ?" ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅವರು ಯಾರನ್ನೂ ಹಾಗೆ ಕೇಳಿದವರಲ್ಲ. ಕಡ್ಡಿಯ ತುದಿಯಲ್ಲಿದ್ದುದು ನವಿಲಿನ ಕತ್ತಿನ ಬಣ್ಣ.

"ನೀಲಿ ಆಗೋಯ್ತು ಮೇಷ್ಟ್ರೆ."

ಅವರು ಕಡ್ಡಿ ಕೆಳಗಿಟ್ಟರು. ಸುತ್ತ ಯಾರಿಲ್ಲವೆಂದು ನೋಡಿಕೊಂಡು ಹೇಳಿದರು. "ಎರಡು ಕಣ್ಗೂ ಪೊರೆ ಬಂದದೆ. ಎರಡ್ ವರ್ಸ ಆಯ್ತು. ನೀಲಿ ಎಷ್ಟ್ ಆಕುದ್ರೂ ಸಾಲ್ದು ಅನ್ನುಸ್ತದೆ. ಬೊಟ್ಟು ಪಕ್ಕ ಇಡ್ಕಂಡ್ರೆ ಎಂಗೋ ಸಮ ಮಾಡ್ತೀನಿ, ಬರೀ ನೆಪ್ಪಿನ ಮ್ಯಾಲೆ ಆಗಾಕಿಲ್ಲ. ಯಜಮಾನ್ರಿಗೆ ಗೊತ್ತಾದ್ರೆ ಈ ಕುರ್ಚಿಲಿ ನಾಳೆನೇ ಬ್ಯಾರೆಯೋನು ಕೂತಿರ್ತಾನೆ. ನಾನೆಲ್ಲಿಗೆ ಓಗ್ಲಿ?"

"ಆಪ್ರೇಸನ್ ಮಾಡ್ಸ್ಕಳಿ."

"ನಮ್ಮೂರಲ್ಲಿ ಒಬ್ಬಂಗೆ ಇದ್ದ ಕಣ್ಣೂ ಓಯ್ತು. ನಂಗೆ ಅರ್ದ ಆದ್ರೂ ಕಾಣ್ತದೆ. ಅದೂ ಓದ್ರೆ?"

ನನ್ನನ್ನು ಎಲ್ಲರೆದುರು ಎಮ್ಮೆಯ ಮಾತೆತ್ತಿ ಬೈದ ಮನುಷ್ಯ ಇವರೇನಾ ಎನ್ನಿಸಿತು. ಅಳು ಬಂತು. ಅಳುತ್ತಾ ನಿಂತರೆ ಇವರ ಕೆಲಸ ಉಳಿಯುವುದಿಲ್ಲ ಎಂದೂ ಹೊಳೆಯಿತು. ಹೋದ ಆರು ಹಲಗೆ ಆಗಲೇ ನೂರಾರು ಮೈಲಿ ಆಚೆ. ತೆಗೆದಿದ್ದ ಫೋಟೊಗಳಲ್ಲಿ ಒಂದೊಂದರಲ್ಲೂ ಹಸಿರು ಒಂದೊಂದು ಥರ. ಬಣ್ಣ ತಿಳಿಯುವ ದಾರಿ ಇದ್ದರೆ ಅದು ನನ್ನ ಬುಟ್ಟಿಯಲ್ಲೇ ಇರಬೇಕು. ಆ ಮುಚ್ಚಳಗಳನ್ನು ವಾಪಸು ಚಪ್ಪರಕ್ಕೆ ಹೊತ್ತೊಯ್ದೆ.

ಕೊಳೆ ಎಲ್ಲಿ ಅಡಗುತ್ತದೆಂದು ತೊಳೆಯುವವಳಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರುತ್ತದೆ? ಮುಚ್ಚಳದ ತಿರುಪಿನಲ್ಲಿ ನೋಡಿದೆ, ಇರಲಿಲ್ಲ. ಸೀಸೆಯ ಕತ್ತಿನಲ್ಲಿ ನೋಡಿದೆ, ಇರಲಿಲ್ಲ. ನನ್ನ ಕೈಕೆಲಸಕ್ಕೆ ನಾನೇ ಶಾಪ ಹಾಕಿದೆ. ಆಗ ಕಣ್ಣಿಗೆ ಬಿದ್ದದ್ದು ಮುಚ್ಚಳದ ಒಳಗೆ ಸೋರದಿರಲೆಂದು ಕೂರಿಸಿರುವ ಬೆಂಡಿನ ಬಿಲ್ಲೆ. ಅದರ ಮೇಲೆ ತಿಕ್ಕುತ್ತಿದ್ದೆನೇ ಹೊರತು ಅದನ್ನು ಎಬ್ಬಿಸಿ ಅಡಿಯನ್ನು ಯಾವತ್ತೂ ನೋಡಿದವಳಲ್ಲ. ಸೀರೆಯ ಪಿನ್ನು ತೆಗೆದು ಒಂದು ಬಿಲ್ಲೆಯನ್ನು ಮೀಟಿದೆ. ಅದರಡಿಯಲ್ಲಿ ಅಂಚಿನುದ್ದಕ್ಕೂ ಉಗುರಿನ ತುದಿಯಷ್ಟು ಅಗಲ, ಒಣಗಿದ ಹಸಿರು. ಕೂಗಿಬಿಟ್ಟೆ. ಮುಚ್ಚಳಗಳು ಈ ಕೆಲಸಕ್ಕೆಂದೇ ಹೊಸದಾಗಿ ತಂದವು, ಹಾಗಾಗಿ ಹಳೆಯ ಬಣ್ಣವಲ್ಲ. ಹನ್ನೊಂದರಲ್ಲಿ ಒಂಬತ್ತರಲ್ಲಿ ಸಿಕ್ಕಿತು. ಸಿಗದ ಎರಡು ಕಪ್ಪು ಮತ್ತು ಬಿಳಿ, ಅವು ಡಬ್ಬಿಯಿಂದ ಹಾಗೇ ಬಳಸುವಂಥವು.

ಮೇಷ್ಟ್ರ ಮುಂದೆ ಒಂಬತ್ತು ಮುಚ್ಚಳವನ್ನೂ ಇಟ್ಟೆ. ಅವರು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಅಷ್ಟು ಸಣ್ಣ ಗೆರೆ ಅವರಿಗೆ ಕಾಣಲಿಲ್ಲ.

"ನೀನೇ ಕಲ್ಸು," ಎಂದರು. "ನಾನು ಏಳ್ತೀನಿ, ನೀನು ನೋಡು."

"ಕಲಸ್ತೀನಿ. ಆದ್ರೆ ಒಂದ್ಮಾತು. ಈ ಎರಡಲಗೆ ಓದ್ಮೇಲೆ ನೀವು ಕಣ್ಣು ಕುಯ್ಸ್ಕಬೇಕು. ಇಲ್ಲಾಂದ್ರೆ ನಾನೇ ಓಗಿ ಯಜಮಾನ್ರಿಗೆ ಏಳ್ತೀನಿ."

"ಎದುರ್ಸ್ತೀಯೇನಮ್ಮಿ?"

"ಊಂ, ಎದುರ್ಸ್ತೀನಿ."

ಅವರು ಆಗಲಿ ಎಂದು ತಲೆಯಾಡಿಸಿದರು. ನಾನೂ ಕಡ್ಡಿ ಹಿಡಿದೆ. ಯಾವುದಕ್ಕೆ ಯಾವುದು ಸೇರಿಸಬೇಕು, ಎಲ್ಲಿ ನಿಲ್ಲಿಸಬೇಕು, ಹಸಿ ಬಣ್ಣ ಒಣಗಿದ ಮೇಲೆ ಎಷ್ಟು ಕಪ್ಪಾಗುತ್ತದೆ, ಎಲ್ಲವನ್ನೂ ಅವರು ಬಾಯಲ್ಲಿ ಹೇಳಿದರು. ಒಂದೊಂದು ಬಣ್ಣಕ್ಕೂ ಹತ್ತಿಪ್ಪತ್ತು ಸಲ ಬಳಿದು, ಒಣಗಿಸಿ, ಬಿಲ್ಲೆಯಡಿಯ ಗೆರೆಯ ಪಕ್ಕ ಹಿಡಿದು ನೋಡಿದೆ. ನಾಲ್ಕು ದಿನ ಹಿಡಿಯಿತು. ಮೇಷ್ಟ್ರಿಗೆ ಕೈ ನೋವು, ಸಾಕಮ್ಮ ಕೈ ಆಸರೆಗೆ ಇದ್ದಾಳೆ ಎಂದು ಒಳಗಿನವರಿಗೆ ಹೇಳಿದ್ದಾಯಿತು. ಕಬ್ಬಿನ ಹಸಿರಿಗೆ ಬಂದಾಗ ಮಾತ್ರ ಸ್ವಲ್ಪ ತಡೆದೆ. ಬಿಲ್ಲೆಯಡಿಯ ಹಸಿರು ನಾನು ಹುಟ್ಟಿದಾಗಿನಿಂದ ನೋಡಿದ ಹೊಲದ ಹಸಿರಾಗಿರಲಿಲ್ಲ, ನೀಲಿಗೆ ಎಳೆಯುತ್ತಿತ್ತು. ಮೇಷ್ಟ್ರು ಕಲಸಿದ್ದೆಂದು ಒಳಗಿನವರು ಯಾರೂ ಎರಡನೆಯ ಸಲ ನೋಡಿರಲಿಲ್ಲ. ಕಡ್ಡಿ ಹಿಡಿದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ಅಲ್ಲಿ ಇದ್ದುದನ್ನೇ ಕಲಸಿದೆ.

ಹಲಗೆಗಳು ಹೋದವು, ಅಲ್ಲಿ ಜೋಡಣೆಯೂ ಆಯಿತು. ಸಂಧಿ ಎಲ್ಲಿದೆ ಎಂದೇ ತಿಳಿಯುವುದಿಲ್ಲ ಎಂದು ಅಲ್ಲಿಂದ ಫೋನು ಬಂತಂತೆ. ಯಜಮಾನರು ಒಳಗೆ ಬಂದು ಮೇಷ್ಟ್ರ ಬೆನ್ನು ತಟ್ಟಿದರು. ಮೇಷ್ಟ್ರು ನೆಲ ನೋಡುತ್ತಿದ್ದರು.

ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ. ಮಂಡ್ಯದ ಆಸ್ಪತ್ರೆಗೆ ನಾನೂ ನನ್ನ ಗಂಡನೂ ಜೊತೆಗೆ ಹೋದೆವು. ಒಳಗೆ ಕರೆದುಕೊಂಡು ಹೋಗುವಾಗ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ನರ್ಸು ಬೆರಳು ಬಿಡಿಸಬೇಕಾಯಿತು. ಒಂದು ಕಣ್ಣಾಗಿ, ತಿಂಗಳು ಕಳೆದು ಇನ್ನೊಂದೂ ಆಯಿತು. ಅಲ್ಲಿಯವರೆಗೆ ಬಣ್ಣದ ಮೇಜಿನಲ್ಲಿ ದೊಡ್ಡ ಕೆಲಸ ಯಾವುದೂ ಬರಲಿಲ್ಲ, ನಮ್ಮ ಪುಣ್ಯ.

ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬಂದ ದಿನ ಅವರು ಮೊದಲು ಮಾಡಿದ್ದು ಕನ್ನಡಕ ತೆಗೆದು ಸುತ್ತ ನೋಡಿದ್ದು. ಗೋಡೆಯನ್ನು ನೋಡಿದರು, ನನ್ನ ಸೀರೆಯನ್ನು ನೋಡಿದರು, ನಕ್ಕರು. ಮೇಜಿನ ಮೂಲೆಯಲ್ಲಿ ಆ ಕೊನೆಯ ಹಲಗೆಯ ಅಂಚಿನಿಂದ ಕೊಯ್ದ ಒಂದು ತುಂಡು ಬಿದ್ದಿತ್ತು, ನಾಲ್ಕು ಸಾಲು ಕಬ್ಬು ಇದ್ದದ್ದು. ಎತ್ತಿಕೊಂಡು ಕಿಟಕಿಗೆ ಹಿಡಿದರು.

"ಇದ್ಯಾವ ದೇಸದ ಕಬ್ಬಮ್ಮಿ? ನೀಲಿ ಬೆಳ್ದದಲ್ಲ!"

ನಾನು ಬುಟ್ಟಿಯ ಕಡೆ ತಿರುಗಿದೆ. ಅವರ ನಗು ನಿಂತಿತು.

"ಓಗಿರೋ ಆರೂ ಇಂಗೇ ಇದ್ವಾ?"

"ಊಂ ಮೇಷ್ಟ್ರೆ."

"ನೀನು ಪೂರಿಗಾಲಿಯೋಳು. ಕಬ್ಬು ಎಂಗಿರ್ತದೆ ಅಂತ ನಿಂಗೊತ್ತಿಲ್ವಾ? ನೀನ್ ಕಲ್ಸಿದ್ದಾದ್ರೂ ಸರ್ಯಾಗಿ ಕಲಸ್ಬಾರ್ದಾಗಿತ್ತಾ?"

"ಗೊತ್ತಿತ್ತು. ನನ್ನೆರಡು ಮಾತ್ರ ಸರ್ಯಾಗಿದ್ರೆ, ನಿಮ್ಮಾರು ತಪ್ಪು ಅಂತ ನೋಡಿದೋರಿಗೆಲ್ಲ ಗೊತ್ತಾಗೋದು."

ಅವರು ತುಂಡನ್ನು ಕೈಯಲ್ಲಿ ಹಿಡಿದೇ ನಿಂತರು. ಹೊಸ ಕಣ್ಣಿನಲ್ಲಿ ನೀರು ಬರಬಾರದು ಎಂದು ಡಾಕ್ಟರು ಹೇಳಿದ್ದಾರೆಂದು ನೆನಪಿಸಿದೆ. ಕೇಳಿಸಿಕೊಳ್ಳದೆ, ಆ ತುಂಡನ್ನೇ ಹಿಡಿದುಕೊಂಡು ನೇರವಾಗಿ ಯಜಮಾನರ ಕೋಣೆಗೆ ನಡೆದರು. ನಾನು ಬೇಡ ಬೇಡ ಎನ್ನುತ್ತಾ ಹಿಂದೆ ಓಡಿದೆ. ಬಾಗಿಲಲ್ಲೇ ನಿಂತುಬಿಟ್ಟೆ.

"ಎಂಟ್ ಅಲಗೆನೂ ತಪ್ಪು ಬಣ್ಣ ಸಾ," ಎಂದರು ಮೇಷ್ಟ್ರು. "ಎರಡ್ ವರ್ಸ ನಾನು ಕಣ್ ಕಾಣ್ದೆ ಕಲಸ್ದೆ, ನಿಮ್ಗೆ ಏಳ್ನಿಲ್ಲ. ನನ್ನ ಕಳ್ಸದಾದ್ರೆ ಕಳ್ಸಿ. ಆದ್ರೆ ಕೊನೆ ಎರಡು ಕಲ್ಸಿದ್ದು ಈಯಮ್ಮ. ನೀವು ತಟ್ಟಿದ ಬೆನ್ನು ನಂದಲ್ಲ."

ಯಜಮಾನರು ತುಂಡನ್ನು ತೆಗೆದುಕೊಂಡು ನೋಡಿದರು. ಗೇಟಿನವರೆಗೆ ಕೇಳಿಸುವ ದನಿ ಆವತ್ತು ಹೊರಬರಲಿಲ್ಲ. ವಸ್ತುಸಂಗ್ರಹಾಲಯಕ್ಕೆ ಆಗಲೇ ಫೋನು ಮಾಡಿ, ಬಂದು ಹಸಿರು ಬದಲಿಸಿಕೊಡುತ್ತೇವೆ ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದರು.

"ನೀನಾ ಕಲ್ಸಿದ್ದು?"

"ಊಂ ಸಾ."

"ಅಲ್ಲಿಗೆ ಇಬ್ರೂ ಓಗಿ ಬನ್ನಿ. ಇವತ್ತಿಂದ ನಿನ್ ಕುರ್ಚಿನೂ ಆ ಮೇಜ್ಗೇ ಆಕ್ಕೊ."

ನಾನು ಹಿಂಬಾಗಿಲ ಕಡೆ ನೋಡಿದೆ. ಬಾಯಿಂದ ಬಂದದ್ದು ಮಾತ್ರ, "ಬಾಟ್ಲಿ ಯಾರು ತೊಳಿತಾರೆ ಸಾ?"

ಯಜಮಾನರು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ನಾನೂ ತೊಳಿತೀನಿ" ಎಂದರು.

ಮಾತಿಗೆ ಹೇಳಿದರೆಂದುಕೊಂಡೆ. ಅದೇ ಸಂಜೆ ಅವರು ಪಂಚೆ ಎತ್ತಿ ಕಟ್ಟಿಕೊಂಡು ಚಪ್ಪರದಡಿಗೆ ಬಂದು, ನನ್ನ ಎದುರಿಗೆ ಕಲ್ಲಿನ ಮೇಲೆ ಕೂತು, ಬುಟ್ಟಿಯಿಂದ ಒಂದು ಸೀಸೆ ಎತ್ತಿಕೊಂಡರು. ಹಿಡಿದದ್ದೇ ತಪ್ಪಾಗಿತ್ತು, ತೋರಿಸಿಕೊಟ್ಟೆ. ಅವರು ಕೆಲಸ ಬಿಡುವವರೆಗೆ ಒಂಬತ್ತು ವರ್ಷ ಪ್ರತಿದಿನ ಸಂಜೆ ಇಬ್ಬರೂ ಎದುರುಬದುರು ಕೂತು ತೊಳೆದೆವು.